ಗೌರಿ ಹುಣ್ಣಿಮೆಯ ಬಿಳಿ ಸಕ್ಕರೆ

ಜೈತೂನ, ಆ ದಿನ ಪಾಕದ ಮನೆಯಿಂದ ನಿಮ್ಮಪ್ಪ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ನೋಡಿದೆ ಎಂದು ಎರಡೂ ಮನೆಯ ಹಿರಿಯರ ಮುಂದೆ ನಿಂತು ಹೇಳಿದ್ದು ಸುಳ್ಳು. ಬಾಯಿ ತಪ್ಪಿ ಬಂದ ಮಾತಲ್ಲ, ಕಣ್ಣು ಮೋಸ ಮಾಡಿದ್ದಲ್ಲ — ತಿಳಿದೂ ತಿಳಿದೂ ಹೇಳಿದ ಸುಳ್ಳು. ಮೊನ್ನೆ ಬಬಲೇಶ್ವರದ ಸಂತೆಯಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕೂತು ನೀನು ನನ್ನ ಮುಖ ನೋಡಿ ಕೇಳಿದಾಗ "ಭಾಳ ವರ್ಷ ಆತು ಬೇ, ನೆನಪಿಲ್ಲ" ಎಂದೆನಲ್ಲ, ಅದೂ ಸುಳ್ಳು. ನನಗೆ ಎಲ್ಲವೂ ನೆನಪಿದೆ. ಮರೆಯಬೇಕೆಂದರೂ ಮರೆಯಲು ಬಿಡದಷ್ಟು ನೆನಪಿದೆ.

ನಿನಗೆ ಓದು ಬರುವುದಿಲ್ಲ ಎಂದು ಗೊತ್ತು. ಮೊಮ್ಮಗನಿಂದಲೋ ಪಕ್ಕದ ಮನೆಯವರಿಂದಲೋ ಓದಿಸಿಕೊಳ್ಳುತ್ತೀ. ಓದಿಸಿಕೋ, ಅವರೂ ಕೇಳಲಿ. ಕಿವಿಯಲ್ಲಿ ಪಿಸುಗುಟ್ಟಿ ಹಗುರಾಗುವ ಆಸೆ ನನಗಿಲ್ಲ. ಹಾಗೆ ಹಗುರಾಗಿ ಮರುದಿನ ಹೊಟ್ಟೆ ತುಂಬ ಉಣ್ಣುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೇಸಿಗೆ.

ನಮ್ಮ ಸಕ್ಕರೆ ಕಾರಖಾನೆಯ ಮೇಲೆ ಈಗ ಒಂದು ಪುಸ್ತಕ ಬಂದಿದೆ. ನನ್ನ ತಮ್ಮನ ಮಗ ಬರೆಸಿದ್ದಾನೆ. ಹೊಳೆಯುವ ಕಾಗದ, ರುಮಾಲು ಸುತ್ತಿದ ಅಜ್ಜನ ಫೋಟೋ, ಕರಿಯ ಕೋಟು ತೊಟ್ಟ ಅಪ್ಪನ ಫೋಟೋ. ಕಬ್ಬೇ ಬೆಳೆಯದ ಈ ಒಣ ಸೀಮೆಯಲ್ಲಿ, ವಿಜಾಪುರ ಪಟ್ಟಣದ ನಡುವೆ, ಅಜ್ಜ ಸಕ್ಕರೆ ಕಾರಖಾನೆ ಹೂಡಿದ ಸಾಹಸವನ್ನು ಬಾಯಿ ತುಂಬ ಹೊಗಳಿದ್ದಾರೆ. ಅದರಲ್ಲಿ ಸುಳ್ಳಿಲ್ಲ. ಹೊಳೆಸಾಲಿನ ಊರುಗಳಿಂದ ಬೆಲ್ಲದ ಪೆಂಟೆ ತರಿಸುತ್ತಿದ್ದರು. ಅದನ್ನು ಕರಗಿಸಿ, ಕೊಳೆ ತೆಗೆದು, ಬಣ್ಣ ತೆಗೆದು, ಮತ್ತೆ ಕುದಿಸಿ ಸಕ್ಕರೆ ಮಾಡುತ್ತಿದ್ದರು. ರೈಲಿಳಿದು ಬರುವವರಿಗೆ ಗೋಳಗುಮ್ಮಟದ ಗುಂಬಜು ಕಂಡ ಮೇಲೆ ಕಾಣುತ್ತಿದ್ದುದು ನಮ್ಮ ಚಿಮಣಿಯೇ. ಆ ಹೊಗೆಯ ಕೆಳಗೆ ನಾನು ಹುಟ್ಟಿದೆ. ನೀನೂ ಅಲ್ಲೇ ಹುಟ್ಟಿದೆ, ಗೋಡೆಯ ಆಚೆ.

ಆ ಪುಸ್ತಕದಲ್ಲಿ ಒಂದು ಸಾಲಿದೆ: ಆರಂಭದಿಂದ ಇಂದಿನವರೆಗೂ ನಮ್ಮ ಸಕ್ಕರೆ ಶುದ್ಧತೆಗೆ ಹೆಸರಾದದ್ದು, ಎಂದು. ಓದಿ ಪುಸ್ತಕವನ್ನು ಅಂಗಳಕ್ಕೆ ಎತ್ತಿ ಒಗೆದೆ. ಸೊಸೆ ಓಡಿ ಬಂದು "ಯಾಕ್ರೀ ಅತ್ತಿ, ಏನಾತು?" ಅಂದಳು. ಥೂ, ಎಂದಷ್ಟೇ ಅಂದೆ.

ಬೆಲ್ಲದ ನೀರಿನ ಬಣ್ಣ ತೆಗೆಯಲು ಇದ್ದಿಲು ಬೇಕು. ಎತ್ತರದ ಕಬ್ಬಿಣದ ಪೀಪಾಯಿಯ ತಳಕ್ಕೆ ದಪ್ಪನೆಯ ಬಟ್ಟೆ ಬಿಗಿದು, ಮೇಲೆ ಇದ್ದಿಲ ಪುಡಿ ತುಂಬಿ, ಬಿಸಿ ಪಾಕ ಸುರಿದರೆ ಅದು ಕೆಳಗೆ ತಿಳಿಯಾಗಿ ಇಳಿಯುತ್ತದೆ. ಮೊದಲು ಮುಂಬಯಿಯಿಂದ ಯಾವುದೋ ಒಳ್ಳೆಯ ಕಟ್ಟಿಗೆಯ ಇದ್ದಿಲು ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಅದು ನಿಂತಿತು. ಜಾಲಿಯ ಇದ್ದಿಲು ಹಾಕಿ ನೋಡಿದರು, ಸಕ್ಕರೆ ಕೆಸರಿನ ಬಣ್ಣಕ್ಕೆ ಬಂತು. ಆಗಲೇ ಕನಮಡಿಯ ಕಡೆ ಮೇವಿಲ್ಲದೆ ದನಗಳು ಸತ್ತು, ಹೊಲದ ಬದುವಿನ ತುಂಬ ಎಲುಬು ಬಿದ್ದಿದ್ದವು. ಎಲುಬು ಸುಟ್ಟ ಇದ್ದಿಲು ಯಾವ ಬಣ್ಣವನ್ನಾದರೂ ನೆಕ್ಕಿದಂತೆ ತೆಗೆಯುತ್ತದೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಕಾರಖಾನೆಗೆ ಕಣಕಿಯ ಗಾಡಿಗಳು ಬರತೊಡಗಿದವು. ಮೇಲೆ ಒಣಗಿದ ಜೋಳದ ದಂಟಿನ ಕಣಕಿ, ಕೆಳಗೆ ಎಲುಬು.

ಹಿತ್ತಲಿನಲ್ಲಿ ಮಣ್ಣಿನ ಗಡಿಗೆಗಳಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಅವನ್ನು ಸುಡುತ್ತಿದ್ದರು. ಆ ನಾತ! ಸುಟ್ಟ ಕೂದಲು, ಕೊಳೆತ ಕೊಬ್ಬು, ಅದರ ಮೇಲೆ ಬೆಲ್ಲ ಕುದಿಯುವ ಸಿಹಿ ವಾಸನೆ — ಸಿಹಿ ಸೇರಿದ್ದರಿಂದಲೇ ಊಟದ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದೆವು. ಓಣಿಯವರು ಕೇಳಿದಾಗ, ಅದು ಚರ್ಮ ಹದಮಾಡುವವರ ಕೇರಿಯಿಂದ ಬರುವ ವಾಸನೆ ಎಂದು ಅಪ್ಪ ಹೇಳಿದ. ಹೇಳಿ ಸುಮ್ಮನಾಗಲಿಲ್ಲ. ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಆ ಕೇರಿಗೆ ಹೋಗಿ ಜಗಳ ಮಾಡಿ ಬಂದ. ಬಂದು, ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂತ. ಇಂಥವನ ಮಗಳು ನಾನು.

ಒಂದು ದಿನ ಕಣಕಿ ಎಳೆದು ಆಡುವಾಗ ಕೊಂಬಿನ ಸಮೇತ ಒಂದು ಬುರುಡೆ ನನ್ನ ಕಾಲ ಮೇಲೆ ಉರುಳಿತು. ಅಪ್ಪನ ಹತ್ತಿರ ಓಡಿದೆ. ಅವನು ನನ್ನ ರಟ್ಟೆ ಹಿಡಿದು ಮೆಲ್ಲಗೆ ಹೇಳಿದ: "ನೀ ಏನೂ ನೋಡಿಲ್ಲ. ತಿಳೀತಿಲ್ಲೋ? ಹೊರಗ ಬಾಯಿ ಬಿಟ್ಟಿ ಅಂದ್ರ ನಿನ್ನ ಲಗ್ನಾನೂ ಆಗೂದಿಲ್ಲ, ಈ ಮನೀನೂ ಉಳಿಯೂದಿಲ್ಲ." ಅಂದು ಸಂಜೆ ಅದೇ ಸಕ್ಕರೆಯ ಚಹಾ ಬಂತು. ಕುಡಿದೆ, ಜೈತೂನ. ಲೋಟ ಖಾಲಿ ಮಾಡಿದೆ. ನನ್ನ ಹೇಸಿಗೆಯ ಕಥೆ ಶುರುವಾಗುವುದು ಆ ಲೋಟದಿಂದ.

ಈ ಗುಟ್ಟು ಗೊತ್ತಿದ್ದುದು ಕೆಲವರಿಗೆ ಮಾತ್ರ. ಅಪ್ಪನಿಗೆ, ನನಗೆ. ಪಾಕದ ಮನೆಯನ್ನು ನೋಡಿಕೊಳ್ಳುತ್ತಿದ್ದ ನಿಮ್ಮಪ್ಪ ದಾವಲಸಾಬನಿಗೆ. ಗಾಡಿ ಹೊಡೆಯುತ್ತಿದ್ದ ನಿಮ್ಮ ಕಾಕಾ ಮೀರಾಸಾಬನಿಗೆ. ಅಣ್ಣತಮ್ಮಂದಿರಿಬ್ಬರೂ ಒಂದೇ ಎತ್ತರ, ಒಂದೇ ನಡಿಗೆ, ಇಬ್ಬರಿಗೂ ಕೆಂಪು ಚೌಕಳಿಯ ವಸ್ತ್ರ ಹೆಗಲ ಮೇಲೆ. ಬೆನ್ನು ಮಾಡಿ ನಿಂತರೆ ಯಾರು ಯಾರೆಂದು ನಾನೇ ಎಷ್ಟೋ ಸಲ ತಪ್ಪು ತಿಳಿದಿದ್ದೆ. ಈ ಮಾತನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದು ನಿನಗೆ ಗೊತ್ತು. ಓದುವವರಿಗೆ ಆಮೇಲೆ ಗೊತ್ತಾಗುತ್ತದೆ.

ನಿಮ್ಮಪ್ಪನನ್ನು ನಾನು ಕಾಕಾ ಅನ್ನುತ್ತಿದ್ದೆ. ಕೊಪ್ಪರಿಗೆಯ ಅಂಚಿಗೆ ಹತ್ತಿದ ಪಾಕವನ್ನು ಕೆರೆದು, ಮುತ್ತುಗದ ಎಲೆಯಲ್ಲಿ ಹಾಕಿ ನಮ್ಮಿಬ್ಬರಿಗೂ ಕೊಡುತ್ತಿದ್ದ. ನನಗೆ ಒಂದಿಷ್ಟು ಹೆಚ್ಚು ಬಂತೆಂದು ನೀನು ಕಾಲು ಬಡಿಯುತ್ತಿದ್ದೆ. "ಸುಮ್ಮನಿರ ಲೇ, ಆಕಿ ಸಾವಕಾರ್ರ ಮಗಳು, ನೀ ಪಾಕದ ರಾಣಿ" ಎಂದು ನಿನ್ನನ್ನು ನಗಿಸುತ್ತಿದ್ದ. ಪ್ರತಿ ವರ್ಷ ಗೌರಿ ಹುಣ್ಣಿಮೆಯ ಮರುದಿನ ನಿನ್ನನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಿದ್ದ — ನಿನ್ನ ಪಾಲಿನ ಸಕ್ಕರೆ ಗೊಂಬೆಗಳಿಗೆ. ಬರುವಾಗ ಬುಟ್ಟಿಯಲ್ಲಿ ಸೀತಾಫಲ. ನಿನಗೆ ಯಾವಾಗಲೂ ಗಿಳಿಯೇ ಬೇಕು.

ಆ ವರ್ಷ ನನಗೆ ಬಬಲೇಶ್ವರದ ಮನೆತನದಲ್ಲಿ ಲಗ್ನ ಗೊತ್ತಾಗಿತ್ತು. ನಮ್ಮ ಕಡೆಯ ರೂಢಿ ನಿನಗೆ ಹೊಸದಲ್ಲ. ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಸೀರೆಯ ಜೊತೆ ಸಕ್ಕರೆ ಆರತಿ ತರಬೇಕು. ಕಟ್ಟಿಗೆಯ ಅಚ್ಚಿನಲ್ಲಿ ಎರೆದ ಬಿಳಿ ಗೊಂಬೆಗಳು — ಗೌರಿ, ಆನೆ, ಬಸವಣ್ಣ, ಗಿಳಿ, ಕಳಸ. ಅವನ್ನು ತಾಟಿನಲ್ಲಿ ಇಟ್ಟುಕೊಂಡು ಹೋಗಿ ಗೌರಿಗೆ ಬೆಳಗಿ ಬಂದು, ಮನೆಯಲ್ಲಿ ಮುರಿದು ಎಲ್ಲರಿಗೂ ಹಂಚಬೇಕು. ಯುದ್ಧದ ಕಾಲ, ಸಕ್ಕರೆಗೆ ರೇಷನ್ನು. ಬಬಲೇಶ್ವರದವರಿಗೆ ಅಷ್ಟು ಸಕ್ಕರೆ ಎಲ್ಲಿಂದ ಬರಬೇಕು? ಅಪ್ಪ ಎದೆಯುಬ್ಬಿಸಿ ಹೇಳಿ ಕಳಿಸಿದ: ಸಕ್ಕರೆ ನಮ್ಮ ಕಾರಖಾನೆಯಿಂದಲೇ ಬರುತ್ತದೆ, ನೀವು ಅಚ್ಚಿಗೆ ಎರೆದರೆ ಸಾಕು.

ಆಗ ನನ್ನ ಅಜ್ಜಿ — ನಾವು ಆಯಿ ಅನ್ನುತ್ತಿದ್ದೆವು — ಪಟ್ಟು ಹಿಡಿದಳು. "ಗೌರವ್ವಗ ಹೋಗೂ ಸಕ್ರಿ ಐತಿ ಅದು. ಕಂಡ ಕಂಡವರ ಕೈ ಮುಟ್ಟಿದ್ದ ನಡಿಯೂದಿಲ್ಲ. ದಾವಲಸಾಬಗ ಎರಡು ದಿನಾ ಬರಬ್ಯಾಡ ಅಂತ ಹೇಳು. ಹುಡುಗಿ ಮಡೀಲೆ ತಾನ ನಿಂತು ಮಾಡಲಿ. ಆ ಕಾರಖಾನಿ ಸೋಸೂ ಅರಿವಿನೂ ಬ್ಯಾಡ, ಯಾರ‍್ಯಾರ ಕೈ ಹತ್ತೇದೋ ಏನೋ." ಆಯಿಗೆ ಎಲುಬಿನ ಸುದ್ದಿ ಗೊತ್ತಿರಲಿಲ್ಲ. ಅವಳ ಕಣ್ಣಿಗೆ ಮೈಲಿಗೆ ಎಂದರೆ ದಾವಲಸಾಬನ ಕೈ, ಅಷ್ಟೇ.

ಅಪ್ಪ ನಿಮ್ಮಪ್ಪನಿಗೆ ಬರಬೇಡ ಎಂದ. ಕಾಕಾ ಟಿಕೋಟಾದ ತಂಗಿಯ ಮನೆಗೆ ಹೋದ.

ಪೀಪಾಯಿಯ ತಳಕ್ಕೆ ಬಿಗಿದಿದ್ದ ದಪ್ಪ ಬಟ್ಟೆಯನ್ನು ಬಿಚ್ಚಿದೆವು. ಅದರ ಜಾಗಕ್ಕೆ ಆಯಿ ಕೊಟ್ಟದ್ದು ಅಜ್ಜನ ಹಳೆಯ ಧೋತರ — ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾದದ್ದು. ನಾನೇ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಅದನ್ನು ಹಿಂಡಿ, ಕೈಯಾರೆ ಬಿಗಿದೆ. ಮತ್ತೆ ಒಳಗೆ ತುಂಬಿದ್ದು ಏನು? ಎಲುಬಿನ ಇದ್ದಿಲು. ಅಪ್ಪನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಮಡಿಯುಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಸತ್ತ ದನದ ಕರಿಯನ್ನು ಗೌರಿಯ ಸಕ್ಕರೆಗೆಂದು ಸುರಿದೆವು. ಜಾಲಿಯ ಇದ್ದಿಲು ಹಾಕಿದ್ದರೆ ಸಕ್ಕರೆ ಕಂದಾಗುತ್ತಿತ್ತು, ಬೀಗರ ಮುಂದೆ ಮೂಗು ಮುರಿಯುವವರು ಇರುತ್ತಿದ್ದರು, ಅಷ್ಟೇ ತಾನೇ? ಆದರೆ ಅಪ್ಪನಿಗೆ ಬಿಳಿ ಬೇಕಿತ್ತು. ಅವನನ್ನು ಯಾಕೆ ಅನ್ನಲಿ — ನನಗೂ ಬಿಳಿಯೇ ಬೇಕಿತ್ತು. ನನ್ನ ಗೊಂಬೆಗಳು ಓಣಿಯಲ್ಲಿ ಎಲ್ಲರ ಗೊಂಬೆಗಳಿಗಿಂತ ಬೆಳ್ಳಗಿರಬೇಕು ಎಂಬ ಹುರುಪು.

ಸಕ್ಕರೆ ಮಲ್ಲಿಗೆಯಂತೆ ಬಂತು. ತೆಳು ಧೋತರದಿಂದ ಜಾರಿ ಬಂದ ಕರಿ ಹರಳು ಒಂದೆರಡು ಅದರಲ್ಲಿ ಎಲ್ಲೋ ಸೇರಿದ್ದವು. ನಮಗೆ ಕಾಣಲಿಲ್ಲ.

ಹುಣ್ಣಿಮೆಯ ದಿನ ಬೀಗರು ಬಂದರು. ಸೀರೆ, ಹೂವು, ಬುಟ್ಟಿಯಲ್ಲಿ ಗೊಂಬೆಗಳು. ಓಣಿಯ ಹೆಂಗಸರೆಲ್ಲ ಬಗ್ಗಿ ಬಗ್ಗಿ ನೋಡಿ "ಎಷ್ಟು ಬೆಳ್ಳಗದಾವ ನೋಡ ನಮ್ಮವ್ವಾ!" ಎಂದರು. ಗೌರಿಗೆ ಬೆಳಗಿ ಬಂದೆವು. ಪಡಸಾಲೆಯಲ್ಲಿ ಎಲ್ಲರೂ ಕೂತರು. ನನ್ನ ಅತ್ತೆಯಾಗುವವಳು ತನ್ನ ಪಾಲಿಗೆ ಬಂದ ಬಸವಣ್ಣನನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಕಟಕ್ ಎಂದಿತು. ಅವಳು ಅಂಗೈಗೆ ಉಗುಳಿದಳು. ಕರಿ ಹರಳು. ಅವಳ ಮೈದುನ — ದನಕರುಗಳ ನಡುವೆಯೇ ಬಾಳಿದ ಮನುಷ್ಯ — ಅದನ್ನು ಉಗುರಿನಿಂದ ಒತ್ತಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ. ಸಣ್ಣ ಸಣ್ಣ ತೂತುಗಳು.

"ಇದು ಕಟ್ಟಿಗಿ ಇದ್ದಲಿ ಅಲ್ಲ," ಎಂದ. "ಎಲುವು ಐತಿ."

ಆಮೇಲಿನದನ್ನು ಹೇಗೆ ಬರೆಯಲಿ. ಒಬ್ಬಳು ಪಡಸಾಲೆಯಲ್ಲೇ ವಾಂತಿ ಮಾಡಿಕೊಂಡಳು. ಹೆಂಗಸರು ಮಕ್ಕಳ ಬಾಯಿಗೆ ಬೆರಳು ಹಾಕಿ ಸಕ್ಕರೆ ತೆಗೆಯುತ್ತಿದ್ದರು, ಮಕ್ಕಳು ಚೀರುತ್ತಿದ್ದವು. ಬಚ್ಚಲ ಹತ್ತಿರ ಮುಕ್ಕಳಿಸಿ ಉಗುಳುವವರ ಸಾಲು. ಆಯಿ ಎದೆ ಎದೆ ಬಡಿದುಕೊಂಡಳು. ವಿಚಿತ್ರ ಕೇಳು — ಆ ಗದ್ದಲದಲ್ಲಿ ನನ್ನ ಬಾಯಲ್ಲೂ ಗೌರಿಯ ತುಂಡೊಂದು ಇತ್ತು. ನಾನು ಉಗುಳಲಿಲ್ಲ. ನುಂಗಿದೆ. ವರ್ಷಗಟ್ಟಲೆ ನುಂಗಿ ರೂಢಿಯಾಗಿತ್ತು.

ಅತ್ತೆ ಅಪ್ಪನನ್ನು ಕೇಳಿದಳು: "ನಿಮ್ಮ ಸಕ್ರಿಯೊಳಗ ಇದು ಹೆಂಗ ಬಂತ್ರಿ?"

"ನಮ್ಮ ಕಾರಖಾನ್ಯಾಗ ಜಾಲಿ ಇದ್ದಲಿ ಬಿಟ್ಟು ಬ್ಯಾರೆ ಇಲ್ರಿ," ಎಂದ ಅಪ್ಪ. ಮುಖದಲ್ಲಿ ರಕ್ತವಿರಲಿಲ್ಲ.

"ಹಂಗಾರ ಎಲುವು ಯಾರು ಹಾಕಿದ್ರು?"

ಅಪ್ಪ ನನ್ನ ಕಡೆ ನೋಡಿದ. ಹೇಳು ಎಂದು ಅನ್ನಲಿಲ್ಲ, ಕಣ್ಣು ಸನ್ನೆ ಮಾಡಲಿಲ್ಲ. ನಾನು ಇದನ್ನು ಮತ್ತೆ ಮತ್ತೆ ನೆನೆದು ನೋಡಿದ್ದೇನೆ, ಎಲ್ಲಾದರೂ ಅವನ ತಪ್ಪು ಸಿಗುತ್ತದೆಯೇ ಎಂದು. ಸಿಗಲಿಲ್ಲ. ಬರೇ ನೋಡಿದ. ನನ್ನ ಮಡಿಲಲ್ಲಿ ಗಂಡಿನ ಮನೆಯ ಸೀರೆಯಿತ್ತು — ಹಸಿರು, ಕೆಂಪು ಸೆರಗು. ಅತ್ತೆಯ ಕೈ ಆ ಸೀರೆಯ ಅಂಚಿನ ಮೇಲೆ ಇತ್ತು, ಈಗ ಎಳೆದುಕೊಳ್ಳುತ್ತಾಳೆ ಎನ್ನುವ ಹಾಗೆ. ನಾನು ಬಾಯಿ ತೆರೆದೆ.

"ದಾವಲಸಾಬ ಕಾಕಾ ಪಾಕದ ಮನಿಯಿಂದ ಹೊರಗ ಬರೂದು ನಾ ನೋಡೇನ್ರಿ. ಬರಬ್ಯಾಡ ಅಂದ ದಿನಾನ ಬಂದಿದ್ದ. ಬೆನ್ನ ಕಂಡಿತ್ರಿ, ಕೆಂಪು ವಸ್ತ್ರ."

ಇಷ್ಟೇ. ಆ ಕೆಂಪು ವಸ್ತ್ರವನ್ನು ಯಾಕೆ ಸೇರಿಸಿದೆನೋ ಕಾಣೆ. ಸುಳ್ಳಿಗೆ ಅಂಚು ಹಚ್ಚಿದರೆ ಚಂದ ಕಾಣುತ್ತದೆಂದು ಇರಬೇಕು.

ಪಡಸಾಲೆಯಲ್ಲಿ ಒಮ್ಮೆಲೇ ಉಸಿರು ಬಂತು. ಅದನ್ನು ನೆನೆದರೆ ಈಗಲೂ ಮೈ ಮೇಲೆ ಹಲ್ಲಿ ಹರಿದಂತಾಗುತ್ತದೆ. ಎಲ್ಲರಿಗೂ ಸಮಾಧಾನವಾಯಿತು, ಜೈತೂನ. ಎಲುಬು ತಿಂದ ಅಸಹ್ಯ ಹೋಗಿ, ಹಾಕಿದವನು ಸಿಕ್ಕ ಎಂಬ ಖುಷಿ ಬಂತು. "ನಾ ಅಂದಿದ್ದೆ ಇಲ್ಲೋ" ಎಂದು ಆಯಿ ತಾನೇ ಗೆದ್ದಂತೆ ಕೂಗಿದಳು. ಅತ್ತೆ ನನ್ನ ತಲೆ ಸವರಿದಳು. "ಹುಡುಗಿ ಖರೇ ಮಾತಿನಾಕಿ ಅದಾಳ. ಇಂಥಾಕಿ ಬೇಕು ನಮ್ಮ ಮನಿಗೆ." ಸೀರೆ ನನ್ನ ಮಡಿಲಲ್ಲೇ ಉಳಿಯಿತು.

ಮರುದಿನ ಮುಂಜಾನೆ ನೀವಿಬ್ಬರೂ ಬಂದಿರಿ. ನಿನಗೂ ನೆನಪಿರಬೇಕು. ಕಾಕಾನ ತಲೆಯ ಮೇಲೆ ಸೀತಾಫಲದ ಬುಟ್ಟಿ. ನೀನು ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ಗಿಳಿ ಇಸಿದುಕೊಳ್ಳಲು ಕೈಯಲ್ಲೊಂದು ತಾಟು. ನಿಮಗೆ ಏನೂ ಗೊತ್ತಿರಲಿಲ್ಲ. ಅಂಗಳದಲ್ಲಿ ಜನ ನಿಂತಿದ್ದರು. ಅಪ್ಪ ಚಪ್ಪಲಿ ಕೈಗೆ ತೆಗೆದುಕೊಂಡ. ಮೊದಲ ಏಟಿಗೆ ಬುಟ್ಟಿ ಬಿತ್ತು, ಹಣ್ಣುಗಳು ಒಡೆದು ಬಿಳಿ ತಿರುಳು ಕಲ್ಲಿಗೆ ಮೆತ್ತಿಕೊಂಡಿತು.

"ನಾ ಊರಾಗ ಇರಲಿಲ್ರಿ ಸಾವಕಾರ್ರ! ನೀವ ಬರಬ್ಯಾಡ ಅಂದಿದ್ರಿ, ಟಿಕೋಟಾದಾಗ ಇದ್ದೆ!" ಎಂದ ಕಾಕಾ. ಮತ್ತೆ ಏಟು ಬಿದ್ದಾಗ ಅವನೂ ದನಿ ಎತ್ತಿದ: "ಎಲುವು ತರಸಾವ್ರು ಯಾರಂತ ನಾ ಹೇಳ್ಲ್ಯಾ ಈಗ, ಎಲ್ಲಾರ ಮುಂದ?"

"ಹಂಗಾರ ನನ್ನ ಮಗಳು ಸುಳ್ಳ ಹೇಳ್ತಾಳೇನಲೇ? ಆಕಿ ಕಣ್ಣಾರೆ ನೋಡ್ಯಾಳ!"

ಕಾಕಾ ನನ್ನ ಕಡೆ ತಿರುಗಿದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ತಲೆ ಕೆಳಗೆ ಹಾಕಲಿಲ್ಲ — ಅಷ್ಟಾದರೂ ಮಾಡಿದ್ದರೆ ಅವನಿಗೆ ತಿಳಿಯುತ್ತಿತ್ತು. ನೆಟ್ಟಗೆ ನೋಡಿದೆ. ಹೌದು ಎನ್ನುವಂತೆ ಕತ್ತು ಆಡಿಸಿದೆ. ಅಷ್ಟರಿಂದ ಅವನ ಬಾಯಿ ಮುಚ್ಚಿಹೋಯಿತು. ಎಲುಬು ತರಿಸುವವರ ಹೆಸರು ಅವನ ಬಾಯಿಂದ ಬರಲೇ ಇಲ್ಲ. ಆ ಮೌನ ಸಿಟ್ಟಿನದು ಎಂದು ಇಷ್ಟು ವರ್ಷ ತಿಳಿದಿದ್ದೆ. ಇವಳ ಜೊತೆ ಏನು ಮಾತು ಎಂಬ ತಿರಸ್ಕಾರ ಎಂದುಕೊಂಡಿದ್ದೆ. ಆ ತಿರಸ್ಕಾರ ನನಗೆ ತಕ್ಕದ್ದು, ಅದನ್ನು ಹೊತ್ತುಕೊಂಡು ಬದುಕಬಹುದು ಎಂದೂ ಅಂದುಕೊಂಡಿದ್ದೆ.

ನೀವು ಬಾಡಿಗೆಗಿದ್ದ ಕೋಣೆಯ ಮುಂದೆ ಯಾರೋ ಎಲುಬು ಸುರಿದು ಹೋದರು. ಬಾವಿಯ ಹಗ್ಗ ಮುಟ್ಟಲು ಬಿಡಲಿಲ್ಲ. ಟಿಕೋಟಾದಿಂದ ನಿಮ್ಮ ಸೋದರತ್ತೆ ಬಂದು, ಅಣ್ಣ ನಮ್ಮಲ್ಲಿದ್ದ ಎಂದು ಅತ್ತು ಹೇಳಿದಳು, ಅವರವರಿಗೆ ಅವರವರೇ ಸಾಕ್ಷಿ ಎಂದು ಜನ ನಕ್ಕರು. ಸಾಮಾನು ಒಂದು ಗಾಡಿಗೆ ಹೇರಿ ನೀವು ಕಳ್ಳಕವಟಗಿಗೆ ಹೋಗುವಾಗ ನಾನು ಮಾಳಿಗೆಯ ಮೇಲೆ ಇದ್ದೆ. ನೀನು ಕೂಗಿ ಕರೆದೆ. ನಾನು ಕುಂಬಿಗೋಡೆಯ ಹಿಂದೆ ಕುಕ್ಕರಿಸಿದೆ.

ಅಪ್ಪ ಜಂಗಮರನ್ನು ಕರೆಸಿ ಕಾರಖಾನೆಯನ್ನು ಶುದ್ಧ ಮಾಡಿಸಿದ. ಮೂಲೆ ಮೂಲೆಗೆ ಪಾದೋದಕ ಚಿಮುಕಿಸಿದರು, ಪೀಪಾಯಿಯ ಮೇಲೂ. ಊರಿಗೆಲ್ಲ ಊಟ. ಸಕ್ಕರೆಗೆ ಮೊದಲಿಗಿಂತ ಹೆಸರು ಬಂತು, ಅಷ್ಟು ಮಡಿವಂತ ಸಾಹುಕಾರ ಎಂದು. ಆಮೇಲೆ, ಗದ್ದಲ ತಣ್ಣಗಾದ ಮೇಲೆ, ಕನಮಡಿಯ ಗಾಡಿಗಳು ಮತ್ತೆ ಬಂದವು. ಹೊಡೆಯುವವರು ಮಾತ್ರ ಬೇರೆ. ಯುದ್ಧ ಮುಗಿದರೂ, ಸ್ವಾತಂತ್ರ್ಯ ಬಂದರೂ ಕಣಕಿಯ ಕೆಳಗೆ ಅದೇ ಸಾಮಾನು. ಊರು ಆ ಸಕ್ಕರೆಯನ್ನು ತಿಂದಿತು. ನಾಮಕರಣಕ್ಕೆ ಹಂಚಿತು, ದೇವರಿಗೆ ಏರಿಸಿತು. ಆ ಸಕ್ಕರೆಯ ಮೇಲೆಯೇ ನನ್ನ ಮದುವೆಯಾಯಿತು. ಬಬಲೇಶ್ವರದ ಮನೆಯಲ್ಲಿ ಖರೇ ಮಾತಿನ ಸೊಸೆ ಎಂದು ನನಗೆ ಹೆಸರು. ಅಣ್ಣತಮ್ಮಂದಿರ ಜಗಳಕ್ಕೆ, ನೆರೆಹೊರೆಯ ತಂಟೆಗೆ, "ಶಾಂತವ್ವ ಹೇಳಿದ್ರ ಮುಗೀತು" ಎನ್ನುತ್ತಾರೆ. ನಾನು ಹೇಳುತ್ತೇನೆ, ಅವರು ಕೈ ಮುಗಿಯುತ್ತಾರೆ. ಛೀ.

ಮದುವೆಯಾದಂದಿನಿಂದ ನಾನು ಸಕ್ಕರೆ ತಿಂದಿಲ್ಲ. ಮನೆಯವರು ಸಕ್ಕರೆ ಕಾಯಿಲೆ ಎಂದು ತಿಳಿದಿದ್ದಾರೆ. ಇದೊಂದು ದೊಡ್ಡ ಪ್ರಾಯಶ್ಚಿತ್ತ ಎಂದು ನಾನೂ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಏನು ಪ್ರಾಯಶ್ಚಿತ್ತ, ಮಣ್ಣು! ಸಕ್ಕರೆ ಬಿಟ್ಟರೆ ನಿಮ್ಮಪ್ಪನಿಗೆ ಬಿದ್ದ ಏಟು ಅಳಿಸುತ್ತದೆಯೇ?

ಮತ್ತೆ ಮೊನ್ನೆ ಸಂತೆ. ನೀನು ಮಗಳ ಮನೆಗೆ ಬಂದವಳು ಬದನೆಕಾಯಿ ಆರಿಸುತ್ತಿದ್ದೆ. ನನಗೆ ಗುರುತು ಸಿಗಲಿಲ್ಲ, ನಿನಗೇ ಸಿಕ್ಕಿತು. "ಏ ಶಾಂತಾ! ಮುಪ್ಪಿನ್ಯಾಕಿ ಆಗೀ ಅಲ್ಲ ಬೇ!" ಎಂದು ಕೈ ಹಿಡಿದೆ. ಹಿಡಿದ ಕೈ ಬಿಡಿಸಿಕೊಂಡು ಓಡಬೇಕೆನಿಸಿತು. ನೀನು ಚಹಾ ಹೇಳಿದೆ, ನಾನು ಸಕ್ಕರೆ ಬೇಡ ಎಂದೆ, "ಸಕ್ರಿ ಕಾರಖಾನಿ ಮಗಳಿಗೆ ಸಕ್ರಿ ಬ್ಯಾಡಂತ" ಎಂದು ನೀನು ಹಲ್ಲಿಲ್ಲದ ಬಾಯಿ ತೆರೆದು ನಕ್ಕೆ. ನಿನಗೆ ನನ್ನ ಮೇಲೆ ಸಿಟ್ಟಿಲ್ಲ. ಯಾಕಿಲ್ಲ ಎಂದು ಆಮೇಲೆ ತಿಳಿಯಿತು.

"ನಮ್ಮ ಅಬ್ಬಾ ನಿನ್ನ ಮ್ಯಾಲ ಒಂದ ಮಾತ ಆಡಗೊಡಲಿಲ್ಲ ನೋಡು," ಎಂದೆ ನೀನು. "ನಮ್ಮವ್ವ ನಿನಗ ಬೈಯಾಕ ಸುರು ಮಾಡಿದ್ರ ಬಾಯಿ ಮುಚ್ಚಸ್ತಿದ್ದ. ಆ ಕೂಸು ಸುಳ್ಳ ಹೇಳಾಕಿ ಅಲ್ಲ, ನನ್ನ ಕೈಯಾಗ ಬೆಳದೈತಿ. ಆಕಿ ಖರೇನ ಯಾರನ್ನೋ ನೋಡ್ಯಾಳ, ಬೆನ್ನ ನೋಡಿ ನಾ ಅಂತ ತಿಳದಾಳ, ಅಂತಿದ್ದ."

ಬೆನ್ನು ನೋಡಿ. ಕೆಂಪು ವಸ್ತ್ರ.

ಕಾಕಾನ ಬಾಯಿ ಮುಚ್ಚಿದ್ದು ಸಿಟ್ಟಿನಿಂದಲ್ಲ. ಅಂಗಳದಲ್ಲಿ, ಏಟು ತಿನ್ನುತ್ತಲೇ, ಅವನು ನನ್ನನ್ನು ನಂಬಿದ. ನಂಬಿ, ಗೌರಿಯ ಸಕ್ಕರೆಗಾದರೂ ಸಾವಕಾರರು ಎಲುಬು ಹಾಕಿರಲಾರರು, ಹಾಗಾದರೆ ಅದು ಯಾರು ಎಂದು ಯೋಚಿಸಿದ. ತನ್ನಂತೆಯೇ ಕಾಣುವವನು ಒಬ್ಬನೇ. ಎಲುಬು ಹೇರಿದ ಗಾಡಿ ಹೊಡೆಯುವವನು, ತನ್ನ ಒಡಹುಟ್ಟಿದವನು. ಮೀರಾಸಾಬ ಅತ್ತು ಕರೆದು, ಆಣೆ ಮಾಡಿ, ನಾನು ಒಳಗೆ ಕಾಲೇ ಇಟ್ಟಿಲ್ಲ ಎಂದರೂ ನಿಮ್ಮಪ್ಪ ನಂಬಲಿಲ್ಲ. ನನ್ನ ಮಾತು ನಂಬಿದ, ತಮ್ಮನ ಮಾತು ನಂಬಲಿಲ್ಲ. ಇಬ್ಬರೂ ಕಳ್ಳಕವಟಗಿಯಲ್ಲೇ ಕೂಲಿ ಮಾಡಿ ಬದುಕಿದರೂ ಮುಖ ಕೊಟ್ಟು ಮಾತಾಡಲಿಲ್ಲ. ನಿಮ್ಮಪ್ಪ ಸತ್ತಾಗ, ಅವನು ಮೊದಲೇ ಹೇಳಿಟ್ಟ ಮಾತಿನಂತೆ, ನೀವು ತಮ್ಮನಿಗೆ ಹೆಗಲು ಕೊಡಲು ಬಿಡಲಿಲ್ಲ. ಮೀರಾಸಾಬ ದೂರದಲ್ಲಿ, ಹೊಲದ ಬದುವಿನ ಮೇಲೆ ನಿಂತು ನೋಡಿದ. ಇದನ್ನೆಲ್ಲ ನೀನು ಚಹಾ ಆರಿಸಿಕೊಳ್ಳುತ್ತ ಹೇಳಿದೆ.

"ಮೀರಾಸಾಬ ಕಾಕಾ ಈಗ ಹಾಸಿಗಿ ಹಿಡದಾನ," ಎಂದೆ ನೀನು. "ಬಂದವರಿಗೆಲ್ಲಾ ಅದನ್ನ ಹೇಳಾಕತ್ತಾನ, ನಾ ಹೋಗಿರಲಿಲ್ಲ, ನಾ ಹೋಗಿರಲಿಲ್ಲ ಅಂತ. ಯಾರ ನಂಬತಾರ? ಖರೇ ಹೇಳ ಶಾಂತಾ, ನೀ ನೋಡಿದ್ದು ಅವನ್ನೇನ?"

ಆಗ ನಾನು ನೆನಪಿಲ್ಲ ಎಂದೆ. ಸಂತೆಯಲ್ಲಿ ನಮ್ಮ ಊರಿನವರು ಓಡಾಡುತ್ತಿದ್ದರು, ಇಬ್ಬರು ನನಗೆ ನಮಸ್ಕಾರ ಹೇಳಿ ಹೋದರು. ಖರೇ ಮಾತಿನ ಶಾಂತವ್ವನಿಗೆ. ಈ ವಯಸ್ಸಿನಲ್ಲೂ ನನಗೆ ಆ ನಮಸ್ಕಾರ ಬೇಕಾಗಿತ್ತು. ಮನೆಗೆ ಬಂದು ಕನ್ನಡಿ ನೋಡಿಕೊಂಡೆ, ಹಲ್ಲಿನ ಸಂದಿಯಲ್ಲಿ ಇನ್ನೂ ಕರಿ ಹರಳು ಇದೆಯೇನೋ ಎನ್ನುವ ಹಾಗೆ.

ಈಗ ಕೇಳು. ನಿಮ್ಮಪ್ಪನಿಗೆ ಇದನ್ನು ಹೇಳಲು ಹೊತ್ತು ಮೀರಿ ಹೋಗಿದೆ. ಅವನು ನನ್ನನ್ನು ಒಳ್ಳೆಯವಳೆಂದು ತಿಳಿದೇ ಸತ್ತ, ಅದನ್ನು ನಾನು ಎಲ್ಲಿಗೂ ಹಿಂದಿರುಗಿಸಲಾರೆ. ಆದರೆ ಮೀರಾಸಾಬನಿಗೆ ಇನ್ನೂ ಕಿವಿ ಕೇಳುತ್ತದೆ ಎಂದು ನೀನೇ ಹೇಳಿದೆ. ಈ ಕಾಗದವನ್ನು ನಿನ್ನ ಮಗಳ ಕೈಯಲ್ಲಿ ಕೊಟ್ಟು ನಾಳೆ ಮುಂಜಾನೆಯ ಬಸ್ಸಿಗೆ ಕಳ್ಳಕವಟಗಿಗೆ ಹೊರಡುತ್ತೇನೆ. ನನ್ನ ಮಗನಿಗೆ, ಸೊಸೆಗೆ ಹೇಳಿ ಆಗಿದೆ. ಮಗ ಎದ್ದು ಹೊರಗೆ ಹೋದ, ಇನ್ನೂ ಮಾತಾಡಿಲ್ಲ. ಆಡದಿದ್ದರೂ ಸರಿಯೇ. ತಮ್ಮನ ಮಗನಿಗೂ ಬರೆದಿದ್ದೇನೆ, ಅವನ ಪುಸ್ತಕದಲ್ಲಿ ಬಿಟ್ಟುಹೋದದ್ದು ಇದು ಎಂದು.

ಓಣಿಯ ಜನರನ್ನು ಕರೆಸಿರಿ ಎಂದು ಮೀರಾಸಾಬನ ಮನೆಯವರನ್ನು ಕೇಳಿಕೊಳ್ಳುತ್ತೇನೆ. ಅವರು ಒಳಗೆ ಬಿಡದಿದ್ದರೆ ಬಾಗಿಲ ಹೊರಗೆ ನಿಂತೇ ಹೇಳುತ್ತೇನೆ, ಅವನು ಮಲಗಿದ ಹೊರಸಿನವರೆಗೆ ಕೇಳುವ ಹಾಗೆ. ಹೇಳುವ ಮಾತು ದೊಡ್ಡದಲ್ಲ. ನಿನ್ನೆಯಿಂದ ಬಾಯಲ್ಲಿ ಆಡಿಸಿ ನೋಡುತ್ತಿದ್ದೇನೆ, ಎಲ್ಲೂ ಅಂಚು ಹಚ್ಚದೆ:

"ಮೀರಾಸಾಬ ಕಾಕಾ, ನೀ ಹೋಗಿರಲಿಲ್ಲ. ನಿಮ್ಮಣ್ಣನೂ ಹೋಗಿರಲಿಲ್ಲ. ಒಳಗ ನಾ ಇದ್ದೆ."